ಮಾಧ್ಯಮವನ್ನು ಆಧುನಿಕೋತ್ತರತೆಯ ನೆಲೆಯಿಂದ ಓದುವುದು ಹೇಗೆ?

ಆಧುನಿಕೋತ್ತರತೆಯ ಬಗ್ಗೆ ತಿಳಿಯಲು ಹೊರಟವರು ಮೊದಲು ಒಂದು ವ್ಯಾಖ್ಯೆಯನ್ನು ಹುಡುಕುತ್ತಾರೆ. ಒಬ್ಬೊಬ್ಬ ಚಿಂತಕ ಒಂದೊಂದು ಬಗೆಯಲ್ಲಿ ಹೇಳಿರುವುದನ್ನು ಕಂಡು, ತಲೆಬುಡ ತಿಳಿಯದ ವಿಷಯವೆಂದು ಪಕ್ಕಕ್ಕಿಡುತ್ತಾರೆ. ಪಕ್ಕಕ್ಕಿಡಬೇಕಾದ ವಿಷಯ ಇದಲ್ಲ. ನಾವು ಸುದ್ದಿ ನೋಡುವ ರೀತಿ, ಜಾಹೀರಾತಿಗೆ ಮನಸೋಲುವ ರೀತಿ, ಫೋನಿನ ಪರದೆಯ ಮೇಲೆ ನಮ್ಮನ್ನು ನಾವೇ ತೋರಿಸಿಕೊಳ್ಳುವ ರೀತಿ, ಇವುಗಳನ್ನು ಅರ್ಥಮಾಡಿಕೊಳ್ಳಲು ಕಳೆದ ಐವತ್ತು ವರ್ಷಗಳಲ್ಲಿ ರೂಪುಗೊಂಡ ಚಿಂತನೆಗಳ ಪೈಕಿ ಇದಕ್ಕೆ ದೊಡ್ಡ ಸ್ಥಾನವಿದೆ. ಆದರೆ ಇದನ್ನು ಪ್ರಶ್ನೆ ಕೇಳುವ ವಿಧಾನವಾಗಿ ಬಳಸಬೇಕೇ ಹೊರತು ಸಿದ್ಧ ತೀರ್ಪಾಗಿ ಅಲ್ಲ. ಎಲ್ಲವೂ ಬರೀ ಬಿಂಬ, ಸತ್ಯವೆಂಬುದೇ ಇಲ್ಲ ಎಂದು ಮೊದಲೇ ತೀರ್ಮಾನಿಸಿ ಕುಳಿತವರಿಗೆ ಯಾವ ವಾಹಿನಿಯನ್ನು ನೋಡಿದರೂ ಅದೇ ಉತ್ತರ ಸಿಗುತ್ತದೆ, ಆದ್ದರಿಂದ ಅವರು ಏನನ್ನೂ ಹೊಸದಾಗಿ ಕಾಣುವುದಿಲ್ಲ. ಒಂದು ಸುದ್ದಿ ಕಾರ್ಯಕ್ರಮವನ್ನೋ ಜಾಹೀರಾತನ್ನೋ ಕಿರು ವಿಡಿಯೊವನ್ನೋ ಎದುರಿಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ, ಎಲ್ಲಿಯವರೆಗೆ ಕೇಳಬೇಕು ಎಂಬುದನ್ನು ವಿದ್ಯಾರ್ಥಿಗಳನ್ನೂ ಪತ್ರಕರ್ತರನ್ನೂ ಆಸಕ್ತ ವೀಕ್ಷಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಹಿನ್ನೆಲೆಯನ್ನು ಸರಿಪಡಿಸಿಕೊಳ್ಳಿ

ಆಧುನಿಕೋತ್ತರತೆ ಎಂಬುದು ಒಂದು ಸಾಮಾಜಿಕ ಸ್ಥಿತಿಯ ಹೆಸರು. ಆಧುನಿಕೋತ್ತರವಾದ ಎಂಬುದು ಆ ಸ್ಥಿತಿಯೊಳಗೆ ಕಲೆ, ಸಾಹಿತ್ಯ, ವಾಸ್ತುಶಿಲ್ಪ ಮತ್ತು ಚಿಂತನೆಗಳಲ್ಲಿ ಕಾಣಿಸಿಕೊಂಡ ಧೋರಣೆ. ಈ ಎರಡನ್ನೂ ಬೆರೆಸಿದರೆ ಮುಂದಿನ ಓದೆಲ್ಲ ಗೋಜಲಾಗುತ್ತದೆ. ಆಧುನಿಕೋತ್ತರವಾದವನ್ನು ಒಪ್ಪದವರೂ ಆಧುನಿಕೋತ್ತರ ಸ್ಥಿತಿಯಲ್ಲಿಯೇ ಬದುಕುತ್ತಿರಬಹುದು, ಮತ್ತು ಮಾಧ್ಯಮದ ಅಧ್ಯಯನಕ್ಕೆ ಆ ಸ್ಥಿತಿಯೇ ಹೆಚ್ಚು ಮುಖ್ಯ.

ಆ ಸ್ಥಿತಿ ಒಂದೇ ದಿನ ಹುಟ್ಟಿದ್ದಲ್ಲ. ಯುರೋಪಿನ ಜ್ಞಾನೋದಯ ಯುಗದಿಂದ ಬಂದ ನಂಬಿಕೆಯ ಪ್ರಕಾರ ವಿಜ್ಞಾನ, ವಿಚಾರಶಕ್ತಿ ಮತ್ತು ಯೋಜನೆಗಳ ಬಲದಿಂದ ಮನುಷ್ಯಕುಲ ಒಂದೇ ದಿಕ್ಕಿನಲ್ಲಿ ಪ್ರಗತಿ ಹೊಂದುತ್ತದೆ. ಎರಡು ಮಹಾಯುದ್ಧಗಳು, ನಾಜಿಗಳ ಸಾಮೂಹಿಕ ಹತ್ಯಾ ಶಿಬಿರಗಳು ಮತ್ತು ಅಣುಬಾಂಬು ಆ ನಂಬಿಕೆಯ ಬುಡವನ್ನೇ ಅಲುಗಿಸಿದವು. 1979ರಲ್ಲಿ ಫ್ರೆಂಚ್ ಚಿಂತಕ ಝಾನ್ ಫ್ರಾಂಸ್ವಾ ಲ್ಯೋತಾರ್, ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿಶ್ವವಿದ್ಯಾಲಯಗಳ ಮಂಡಳಿ ಕೇಳಿದ ವರದಿಯೊಂದರಲ್ಲಿ, ಮಹಾಕಥನಗಳ ಬಗೆಗಿನ ಅಪನಂಬಿಕೆಯೇ ಆಧುನಿಕೋತ್ತರ ಸ್ಥಿತಿಯ ಲಕ್ಷಣವೆಂದು ಗುರುತಿಸಿದರು. ಎಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸಿ ವಿವರಿಸುವ ದೊಡ್ಡ ಕಥೆಗಳ ಮೇಲೆ ಜನರಿಗೆ ಭರವಸೆ ಉಳಿದಿಲ್ಲ ಎಂಬುದು ಅವರ ಮಾತಿನ ಸಾರ. ಅದೇ ವರದಿಯಲ್ಲಿ ಅವರು ಇನ್ನೊಂದು ಮಾತನ್ನೂ ಹೇಳಿದ್ದರು: ಕಂಪ್ಯೂಟರಿನ ಕಾಲದಲ್ಲಿ ಜ್ಞಾನವು ಮಾರಾಟಕ್ಕಾಗಿಯೇ ತಯಾರಾಗುವ ಸರಕಾಗುತ್ತದೆ. ಮಹಾಕಥನದ ಮಾತು ಎಲ್ಲೆಡೆ ಉಲ್ಲೇಖವಾಗುತ್ತದೆ. ಈ ಎರಡನೆಯ ಮಾತನ್ನು ಬಹಳ ಮಂದಿ ಮರೆತುಬಿಡುತ್ತಾರೆ. ಮಾಧ್ಯಮವನ್ನು ಓದುವವರಿಗೆ ನನ್ನ ಮಟ್ಟಿಗೆ ಅದೇ ಹೆಚ್ಚು ಬೆಲೆಬಾಳುವಂಥದ್ದು.

ಹಿನ್ನೆಲೆಯ ಆರ್ಥಿಕ ಭಾಗವನ್ನು ಬಿಡಬೇಡಿ. ಭೂಗೋಳಶಾಸ್ತ್ರಜ್ಞ ಡೇವಿಡ್ ಹಾರ್ವಿ 1989ರಲ್ಲಿ ತೋರಿಸಿಕೊಟ್ಟಂತೆ, 1973ರ ತೈಲ ಬಿಕ್ಕಟ್ಟು ಮತ್ತು ಆರ್ಥಿಕ ಹಿಂಜರಿತದ ನಂತರ ಒಂದೇ ಬಗೆಯ ವಸ್ತುವನ್ನು ಲಕ್ಷಗಟ್ಟಲೆ ತಯಾರಿಸುವ ಪದ್ಧತಿ ಸಡಿಲಗೊಂಡು, ಬೇಗ ಬದಲಾಗುವ ಅಭಿರುಚಿಗಳಿಗೆ ತಕ್ಕಂತೆ ಉತ್ಪಾದನೆಯನ್ನೂ ಬಂಡವಾಳವನ್ನೂ ಅತ್ತಿಂದಿತ್ತ ಸಾಗಿಸುವ ವ್ಯವಸ್ಥೆ ಬಂತು. ದೂರ ಕುಗ್ಗಿತು, ಕಾಲ ಓಡತೊಡಗಿತು. ಅಮೆರಿಕದ ಸಾಹಿತ್ಯ ವಿಮರ್ಶಕ ಫ್ರೆಡ್ರಿಕ್ ಜೇಮ್ಸನ್ 1984ರ ತಮ್ಮ ಪ್ರಬಂಧದಲ್ಲಿ ಆಧುನಿಕೋತ್ತರವಾದವನ್ನು ಈ ಬಂಡವಾಳಶಾಹಿಯ ಸಾಂಸ್ಕೃತಿಕ ತರ್ಕವೆಂದೇ ಕರೆದರು. ದಿನದ 24 ಗಂಟೆಯೂ ಸುದ್ದಿ ಕೊಡುವ ಸಿಎನ್ಎನ್ 1980ರಲ್ಲಿ, ಸಂಗೀತದ ದೃಶ್ಯತುಣುಕುಗಳನ್ನೇ ಬಂಡವಾಳ ಮಾಡಿಕೊಂಡ ಎಂಟಿವಿ 1981ರಲ್ಲಿ ಆರಂಭವಾದದ್ದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ, ಸಿದ್ಧಾಂತವೂ ಪರದೆಯೂ ಒಂದೇ ನೆಲದಲ್ಲಿ ಬೆಳೆದವೆಂಬುದು ಸ್ಪಷ್ಟವಾಗುತ್ತದೆ.

ಒಂದೇ ತುಣುಕನ್ನು ಆರಿಸಿ, ಮೊದಲು ಬರಿದೇ ವರ್ಣಿಸಿ

ಇಡೀ ಮಾಧ್ಯಮ ಲೋಕವನ್ನು ಒಮ್ಮೆಲೇ ಹಿಡಿಯಲು ಹೋಗಬೇಡಿ. ಒಂದು ಸಂಜೆಯ ಒಂದು ಗಂಟೆಯ ಚರ್ಚಾ ಕಾರ್ಯಕ್ರಮ, ಅರ್ಧ ನಿಮಿಷದ ಒಂದು ಜಾಹೀರಾತು, ಎಲ್ಲರ ಕೈಯಲ್ಲೂ ಹರಿದಾಡುತ್ತಿರುವ ಒಂದು ವಿಡಿಯೊ, ಇಷ್ಟು ಸಾಕು. ಅದನ್ನು ಉಳಿಸಿಟ್ಟುಕೊಂಡು ಕನಿಷ್ಠ ಮೂರು ಬಾರಿ ನೋಡಿ: ಒಮ್ಮೆ ಸಹಜವಾಗಿ, ಒಮ್ಮೆ ಸದ್ದು ನಿಲ್ಲಿಸಿ, ಒಮ್ಮೆ ಕಣ್ಣು ಮುಚ್ಚಿ ಸದ್ದು ಮಾತ್ರ ಕೇಳುತ್ತ. ಈ ಹಂತದಲ್ಲಿ ಯಾವ ಸಿದ್ಧಾಂತದ ಪದವನ್ನೂ ಬಳಸಬಾರದು, ಕಂಡದ್ದನ್ನೂ ಕೇಳಿದ್ದನ್ನೂ ಮಾತ್ರ ಬರೆದುಕೊಳ್ಳಬೇಕು. ಇದು ಬೇಸರದ ಕೆಲಸವೆನಿಸಬಹುದು. ಆದರೂ ವಿಶ್ಲೇಷಣೆಗಳು ಬಹುಮಟ್ಟಿಗೆ ಹಾದಿ ತಪ್ಪುವುದು ಈ ಕೆಲಸವನ್ನು ಬಿಟ್ಟಾಗಲೇ.

ಚರ್ಚಾ ಕಾರ್ಯಕ್ರಮವನ್ನೇ ತೆಗೆದುಕೊಳ್ಳೋಣ. ಪರದೆಯಲ್ಲಿ ಆರು ಚೌಕಗಳಿವೆ, ನಿರೂಪಕರ ಚೌಕ ಉಳಿದವುಗಳಿಗಿಂತ ದೊಡ್ಡದಾಗಿದೆ. ಕೆಳಗೆ ಕೆಂಪು ಪಟ್ಟಿಯಲ್ಲಿ ಒಂದು ಪ್ರಶ್ನೆ ನಿಂತಿದೆ, ಅದರ ಕೆಳಗೆ ಸಂಬಂಧವೇ ಇಲ್ಲದ ಬೇರೆ ಸುದ್ದಿಗಳು ಓಡುತ್ತಿವೆ. ಬಲಬದಿಯ ಚೌಕದಲ್ಲಿ ಬೀದಿಯೊಂದರಲ್ಲಿ ಜನ ಓಡುತ್ತಿರುವ ದೃಶ್ಯವಿದೆ. ಗಡಿಯಾರ ಹಿಡಿದು ನೋಡಿದರೆ ಆ ದೃಶ್ಯ ಹತ್ತು ಹನ್ನೆರಡು ಸೆಕೆಂಡಿನದು ಮಾತ್ರ ಎಂದೂ, ಅದೇ ತಿರುತಿರುಗಿ ಬರುತ್ತಿದೆ ಎಂದೂ ತಿಳಿಯುತ್ತದೆ. ಅದನ್ನು ಎಂದು, ಎಲ್ಲಿ, ಯಾರು ಚಿತ್ರೀಕರಿಸಿದರೆಂಬ ಮಾಹಿತಿ ಇಲ್ಲ. ಇದ್ದರೂ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಸಂಗ್ರಹ ಚಿತ್ರ’ ಎಂದಷ್ಟೇ ಬರೆದಿದೆ. ಸದ್ದು ನಿಲ್ಲಿಸಿದರೆ ಕಾಣುವುದು ಕೋಪಗೊಂಡ ಮುಖಗಳ ಸಾಲು; ದೃಶ್ಯ ಬಿಟ್ಟು ಕೇಳಿದರೆ ಒಬ್ಬರ ಮೇಲೊಬ್ಬರು ಆಡುವ ಮಾತು, ಮತ್ತು ಆ ಮಾತಿನಡಿಯಲ್ಲಿ ಬಿಡದೆ ಬಡಿಯುತ್ತಿರುವ ಹಿನ್ನೆಲೆ ಸಂಗೀತ. ಒಂದು ಗಂಟೆಯಲ್ಲಿ ಘಟನೆಯ ಸ್ಥಳದಿಂದ ಬಂದ ವರದಿಗೆ ಎಷ್ಟು ನಿಮಿಷ, ಸ್ಟುಡಿಯೊದ ಮಾತಿಗೆ ಎಷ್ಟು ನಿಮಿಷ ಎಂದು ಬರೆದುಕೊಳ್ಳಿ. ಮುಂದಿನ ಪ್ರಶ್ನೆಗಳೆಲ್ಲ ಈ ಟಿಪ್ಪಣಿಯಿಂದಲೇ ಹೊರಡಬೇಕು.

ಬಿಂಬಕ್ಕೂ ಘಟನೆಗೂ ಏನು ಸಂಬಂಧ?

ಇದು ಅತ್ಯಂತ ಮುಖ್ಯವಾದ ಪ್ರಶ್ನೆ, ಹೆಚ್ಚು ಹೊತ್ತು ಇದರ ಮೇಲೆಯೇ ಕಳೆಯಬೇಕು. ಫ್ರೆಂಚ್ ಚಿಂತಕ ಝಾನ್ ಬೋದ್ರಿಯಾರ್ 1981ರಲ್ಲಿ ಬಿಂಬದ ನಾಲ್ಕು ಅವಸ್ಥೆಗಳನ್ನು ಹೇಳಿದರು. ಮೊದಲನೆಯದರಲ್ಲಿ ಬಿಂಬವು ವಾಸ್ತವವನ್ನು ಪ್ರತಿಫಲಿಸುತ್ತದೆ. ಎರಡನೆಯದರಲ್ಲಿ ವಾಸ್ತವವನ್ನು ತಿರುಚಿ ಮರೆಮಾಚುತ್ತದೆ. ಮೂರನೆಯದರಲ್ಲಿ ಅಲ್ಲಿ ವಾಸ್ತವವೇ ಇಲ್ಲವೆಂಬುದನ್ನು ಮರೆಮಾಚುತ್ತದೆ. ನಾಲ್ಕನೆಯದರಲ್ಲಿ ಯಾವ ವಾಸ್ತವದ ಹಂಗೂ ಇಲ್ಲದೆ ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ. ಈ ಕೊನೆಯ ಸ್ಥಿತಿಯಲ್ಲಿ ಮೂಲವಿಲ್ಲದ ಪ್ರತಿಗಳೇ ನಿಜಕ್ಕಿಂತ ಹೆಚ್ಚು ನಿಜವಾಗಿ ತೋರುತ್ತವೆ, ಅದನ್ನೇ ಹೈಪರ್‌ರಿಯಾಲಿಟಿ ಎನ್ನುತ್ತಾರೆ. ಯಂತ್ರಬುದ್ಧಿಯಿಂದ (ಎಐ) ತಯಾರಾದ ಛಾಯಾಚಿತ್ರದಂಥ ಚಿತ್ರವೊಂದರ ಎದುರು ಯಾವ ಕ್ಯಾಮೆರಾವೂ ಇರಲಿಲ್ಲ, ಯಾವ ಮನುಷ್ಯನೂ ನಿಂತಿರಲಿಲ್ಲ ಎಂಬುದನ್ನು ನೆನೆದರೆ, ಬೋದ್ರಿಯಾರ್ ಹೇಳಿದ್ದು ಇಂದಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಆದರೆ ಮೊದಲ ಮೂರನ್ನೂ ಬಿಟ್ಟು ನೇರವಾಗಿ ಕೊನೆಯದಕ್ಕೆ ಜಿಗಿಯುವ ಚಾಳಿ ವಿದ್ಯಾರ್ಥಿಗಳಲ್ಲಿ ಹೆಚ್ಚು. ನಿಮ್ಮ ಟಿಪ್ಪಣಿಯಲ್ಲಿರುವ ಪ್ರತಿಯೊಂದು ದೃಶ್ಯವನ್ನೂ ಬೇರೆಬೇರೆಯಾಗಿ ತೂಗಿ, ಅದು ಯಾವ ಅವಸ್ಥೆಗೆ ಸೇರುತ್ತದೆಂದು ಕೇಳಿ. ಸ್ಥಳದಿಂದ ಮಾತನಾಡುತ್ತಿರುವ ವರದಿಗಾರ್ತಿಯ ನೇರ ದೃಶ್ಯ ಮೊದಲ ಅವಸ್ಥೆಯದಾಗಿರಬಹುದು. ಮರುಮರು ಓಡುವ ಹನ್ನೆರಡು ಸೆಕೆಂಡು ಎರಡನೆಯದು, ಏಕೆಂದರೆ ಕ್ಷಣಿಕ ಗದ್ದಲವನ್ನು ಅದು ಇಡೀ ದಿನದ ಗಲಭೆಯಂತೆ ತೋರಿಸುತ್ತದೆ. ಒಂದೇ ಕಾರ್ಯಕ್ರಮದಲ್ಲಿ ಮೂರು ಅವಸ್ಥೆಗಳು ಒಟ್ಟಿಗೆ ಇರುವುದು ಅಪರೂಪವೇನಲ್ಲ.

ಅಮೆರಿಕದ ನೇತೃತ್ವದ ಪಡೆಗಳು ಇರಾಕ್ ವಿರುದ್ಧ ನಡೆಸಿದ 1991ರ ಕೊಲ್ಲಿ ಯುದ್ಧದ ಉದಾಹರಣೆಯನ್ನು ಇಲ್ಲಿ ಬಿಡಿಸಿ ನೋಡಲೇಬೇಕು. ಆ ವರ್ಷದ ಜನವರಿಯಿಂದ ಮಾರ್ಚ್‌ವರೆಗೆ ಬೋದ್ರಿಯಾರ್ ಫ್ರಾನ್ಸಿನ ಲಿಬೆರಾಸಿಯೋಂ ಪತ್ರಿಕೆಯಲ್ಲಿ ಮೂರು ಲೇಖನಗಳನ್ನು ಬರೆದರು: ಯುದ್ಧ ನಡೆಯುವುದಿಲ್ಲ, ನಡೆಯುತ್ತಿದೆಯೇ, ನಡೆಯಲಿಲ್ಲ ಎಂಬ ಕ್ರಮದಲ್ಲಿ. ಅವರನ್ನು ಲೇವಡಿ ಮಾಡಿದವರು ಬಹಳ, ಓದಿದವರು ಕಡಿಮೆ. ಬಾಂಬುಗಳು ಬೀಳಲಿಲ್ಲ ಎಂದು ಅವರು ಹೇಳಿರಲಿಲ್ಲ. ಎರಡು ಪಕ್ಷಗಳ ನಡುವಿನ ಕದನವೆಂದು ಕರೆಯಲಾಗದಷ್ಟು ಏಕಪಕ್ಷೀಯವಾದ ವಿನಾಶವೊಂದು ಪರದೆಯ ಮೇಲೆ ಯುದ್ಧದ ರೂಪ ಧರಿಸಿ ಬಂತು ಎಂಬುದು ಅವರ ವಾದದ ತಿರುಳು. ಪರದೆಯ ಮೇಲೆ ಜಗತ್ತು ಕಂಡದ್ದೇನು? ರಾತ್ರಿಯ ಹಸಿರು ಬೆಳಕಿನಲ್ಲಿ ಮೇಲೇರುವ ಗುಂಡುಗಳು, ಮತ್ತು ಗುರಿಯತ್ತ ಸಾಗುವ ಅಸ್ತ್ರದ ಕ್ಯಾಮೆರಾ ಕಳಿಸಿದ ಚಿತ್ರಗಳು. ಆ ಚಿತ್ರ ಗುರಿ ಮುಟ್ಟಿದೊಡನೆ ಕಪ್ಪಾಗುತ್ತಿತ್ತು. ಕಪ್ಪಾದ ಮೇಲೆ ನೆಲದಲ್ಲಿ ಏನಾಯಿತೆಂಬುದು ಚಿತ್ರದೊಳಗೆ ಇರಲಿಲ್ಲ. ಆ ಯುದ್ಧದಲ್ಲಿ ಬಳಸಿದ ಬಾಂಬುಗಳಲ್ಲಿ ಹೀಗೆ ಗುರಿಯರಿತು ಬೀಳುವಂಥವು ಶೇಕಡಾ 10ಕ್ಕಿಂತ ಕಡಿಮೆ. ಉಳಿದವೆಲ್ಲ ಹಳೆಯ ಬಗೆಯ ಬಾಂಬುಗಳು. ಪತ್ರಕರ್ತರನ್ನು ಅಮೆರಿಕದ ಸೇನೆ ಸಣ್ಣ ತಂಡಗಳಾಗಿ ವಿಂಗಡಿಸಿ, ತಾನು ಹೇಳಿದಲ್ಲಿಗೆ ಕರೆದೊಯ್ದು, ಅವರ ವರದಿಗಳನ್ನು ಮೊದಲೇ ಪರಿಶೀಲಿಸುತ್ತಿತ್ತು.

ಈ ಉದಾಹರಣೆಯಿಂದ ಕಲಿಯಬೇಕಾದ ವಿಧಾನ ಹೀಗಿದೆ. ಬಿಂಬ ಹೇಗೆ ತಯಾರಾಯಿತೆಂಬುದನ್ನು ಬೋದ್ರಿಯಾರ್ ತೋರಿಸುತ್ತಾರೆ. ಶೇಕಡಾ 10ರ ಲೆಕ್ಕ ಮಾತ್ರ ಬಿಂಬದ ಹೊರಗಿನಿಂದ ಬಂದದ್ದು, ಯಾರೋ ದಾಖಲೆ ಹುಡುಕಿ, ಎಣಿಸಿ, ಬರೆದದ್ದು. ಎರಡೂ ಕೂಡಿದಾಗಲಷ್ಟೇ ಆ ಹಸಿರು ಚಿತ್ರಗಳು ಏನನ್ನು ಮುಚ್ಚಿದವೆಂದು ಹೇಳಲು ಬರುತ್ತದೆ. ಎಣಿಕೆ ಬೇಡ, ಬಿಂಬದ ಚರ್ಚೆಯೇ ಸಾಕು ಎನ್ನುವವರು ಸತ್ತವರನ್ನು ಎರಡನೆಯ ಬಾರಿ ಮರೆಮಾಚುತ್ತಾರೆ; ಈ ಮಾತನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ಸಿದ್ಧಾಂತಕಾರರ ಸ್ವಂತ ಉದಾಹರಣೆಗಳಿಗೂ ಇದೇ ಪರೀಕ್ಷೆ ಒಡ್ಡಿ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದಲ್ಲಿ ಕಟ್ಟಿದ, ತಲಾ 11 ಅಂತಸ್ತಿನ 33 ಕಟ್ಟಡಗಳ ಪ್ರೂಯಿಟ್ ಐಗೋ ವಸತಿ ಸಮುಚ್ಚಯವನ್ನು 1972ರಿಂದ ಸ್ಫೋಟಿಸಿ ಕೆಡವಲಾಯಿತು. ವಾಸ್ತುಶಿಲ್ಪ ವಿಮರ್ಶಕ ಚಾರ್ಲ್ಸ್ ಜೆಂಕ್ಸ್ ಇದನ್ನೇ ಆಧುನಿಕ ವಾಸ್ತುಶಿಲ್ಪದ ಮರಣವೆಂದು ಸಾರಿದರು. ಕಟ್ಟಡ ಕುಸಿಯುವ ಆ ಚಿತ್ರ ಆಧುನಿಕತೆ ಕುಸಿದದ್ದಕ್ಕೇ ಸಾಕ್ಷಿಯೆಂಬಂತೆ ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು. ಆದರೆ ನಗರದ ಜನಸಂಖ್ಯೆ ಕುಗ್ಗಿದ್ದು, ನಿರ್ವಹಣೆಗೆ ಹಣವಿಲ್ಲದ್ದು, ಕಪ್ಪು ಜನರನ್ನು ಪ್ರತ್ಯೇಕವಾಗಿಟ್ಟ ನೀತಿ ಇವು ಆ ಬಡಾವಣೆಯನ್ನು ಹಾಳುಗೆಡವಿದವೆಂದು ನಂತರದ ಸಂಶೋಧಕರು ವಾದಿಸಿದ್ದಾರೆ. ಒಂದು ಬಲವಾದ ಚಿತ್ರ ಇಷ್ಟೆಲ್ಲ ಕಾರಣಗಳನ್ನು ಮರೆಸಿ, ಒಂದು ಸಣ್ಣ ಮಹಾಕಥನವನ್ನೇ ಹುಟ್ಟುಹಾಕಿತು.

ಶೈಲಿಯನ್ನು ಓದುವುದು

ಎರಡನೆಯ ಪ್ರಶ್ನೆ ಶೈಲಿಯದು. ಈ ತುಣುಕು ಯಾವ ಯಾವ ಹಳೆಯ ಸಾಮಗ್ರಿಯಿಂದ ಕೂಡಿಕೊಂಡಿದೆ? ಪ್ರತಿಯೊಂದು ಪಠ್ಯವೂ ಬೇರೆ ಪಠ್ಯಗಳಿಂದ ನೇಯ್ದದ್ದೆಂಬ, ಫ್ರಾನ್ಸಿನ ಸಾಹಿತ್ಯ ಚಿಂತಕಿ ಜೂಲಿಯಾ ಕ್ರಿಸ್ತೇವಾ ಅವರ ಅಂತರ್‌ಪಠ್ಯೀಯತೆಯ ವಿಚಾರ ಇಲ್ಲಿ ನೆರವಾಗುತ್ತದೆ. ಸುದ್ದಿಯ ಪೀಠಿಕೆ ಸಿನಿಮಾದ ಟ್ರೇಲರಿನಂತಿರುವುದು, ಚುನಾವಣಾ ಎಣಿಕೆಯ ಪರದೆ ಕ್ರೀಡೆಯ ಅಂಕಪಟ್ಟಿಯಂತಿರುವುದು, ಜಾಹೀರಾತು ಸಂದರ್ಶನದ ವೇಷದಲ್ಲಿ ಬರುವುದು, ಇವೆಲ್ಲವನ್ನೂ ಪಟ್ಟಿಮಾಡಿ.

ಜೇಮ್ಸನ್ ಅಣಕಕ್ಕೂ ಪ್ಯಾಸ್ಟಿಶ್‌ಗೂ ವ್ಯತ್ಯಾಸ ಮಾಡುತ್ತಾರೆ. ಅಣಕದಲ್ಲಿ ಮೂಲವನ್ನು ಚುಚ್ಚುವ ಉದ್ದೇಶವಿರುತ್ತದೆ. ಪ್ಯಾಸ್ಟಿಶ್‌ನಲ್ಲಿ ಹಳೆಯ ಶೈಲಿಯ ಅನುಕರಣೆಯಷ್ಟೇ ಉಳಿದು ಚುಚ್ಚುವ ಮೊನೆ ಮಾಯವಾಗಿರುತ್ತದೆ. 2010ರಲ್ಲಿ ಬಂದ ಇನ್‌ಸ್ಟಾಗ್ರಾಂನ ಮೊದಮೊದಲ ಫಿಲ್ಟರ್‌ಗಳು ಫಿಲ್ಮ್ ಕ್ಯಾಮೆರಾದ ಮಾಸಿದ ಬಣ್ಣವನ್ನು ಹೊಸ ಚಿತ್ರಕ್ಕೆ ಬಳಿಯುತ್ತಿದ್ದವು, ಮತ್ತು ಅಂಥ ಕ್ಯಾಮೆರಾವನ್ನು ಕೈಯಲ್ಲಿ ಹಿಡಿಯದವರೂ ಆ ಬಣ್ಣದಲ್ಲಿ ತಮ್ಮ ನಿನ್ನೆಯನ್ನು ಕಂಡರು. ತಾವು ಬದುಕಿರದ ಕಾಲದ ಹಂಬಲ ಅದು. ಲಿಂಡಾ ಹಚನ್ ಅವರಂಥ ವಿಮರ್ಶಕರು ಜೇಮ್ಸನ್ನರನ್ನು ಒಪ್ಪದೆ, ಆಧುನಿಕೋತ್ತರ ಅಣಕಕ್ಕೆ ರಾಜಕೀಯ ಹರಿತ ಇನ್ನೂ ಇದೆಯೆಂದು ವಾದಿಸುತ್ತಾರೆ. ನೀವು ಹಿಡಿದ ತುಣುಕಿನ ಮಟ್ಟಿಗೆ ಯಾರ ಮಾತು ಸರಿಯೆಂಬುದನ್ನು ನೀವೇ ತೀರ್ಮಾನಿಸಬೇಕು.

ಯಾರು ಹೇಗೆ ಓದುತ್ತಾರೆ, ಯಾರಿಗೆ ಲಾಭ?

ಇಲ್ಲಿಯವರೆಗಿನ ಪ್ರಶ್ನೆಗಳು ತುಣುಕಿನೊಳಗಿನವು. ಸಮಾಜದ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಬರ್ಮಿಂಗ್‌ಹ್ಯಾಮಿನ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಟಿವಿಯ ಸಂದೇಶವನ್ನು ವೀಕ್ಷಕರು ಮೂರು ನೆಲೆಗಳಿಂದ ಗ್ರಹಿಸಬಹುದೆಂದು ಹೇಳಿದರು: ಕಳಿಸಿದವರ ಉದ್ದೇಶಕ್ಕೆ ತಕ್ಕಂತೆ, ಅರ್ಧ ಒಪ್ಪಿ ಅರ್ಧ ಬಿಟ್ಟು, ಅಥವಾ ಪೂರ್ತಿ ಎದುರಾಗಿ. ಹಾಲ್ ಸ್ವತಃ ಆಧುನಿಕೋತ್ತರವಾದಿಯಲ್ಲ, ಆದರೂ ಬೋದ್ರಿಯಾರ್ ಅವರ ಬರಹಗಳಲ್ಲಿ ಜನ ಬರೀ ಮೂಕಪ್ರೇಕ್ಷಕರಾಗಿ ಕಾಣುವ ದೋಷಕ್ಕೆ ಅವರ ವಿಚಾರ ಒಳ್ಳೆಯ ಮದ್ದು. ಅದೇ ತುಣುಕನ್ನು ವಯಸ್ಸು, ಉದ್ಯೋಗ, ನಂಬಿಕೆಗಳಲ್ಲಿ ಭಿನ್ನರಾದ ಮೂವರು ನಾಲ್ವರಿಗೆ ತೋರಿಸಿ, ಏನು ಕಂಡಿತೆಂದು ಕೇಳಿ, ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ.

ಮಹಾಕಥನಗಳು ಸಡಿಲಗೊಂಡದ್ದರಿಂದ ಸಮಾಜಕ್ಕೆ ಸಿಕ್ಕಿದ್ದೇನೆಂಬುದನ್ನು ನ್ಯಾಯವಾಗಿ ಗುರುತಿಸಬೇಕು. ಒಂದೇ ಇತಿಹಾಸ, ಒಂದೇ ಪ್ರಗತಿ, ಒಂದೇ ಮಾದರಿ ಮನುಷ್ಯ ಎಂಬ ಕಥನದಲ್ಲಿ ಮಹಿಳೆಯರು, ವಸಾಹತುಗಳ ಜನ, ಲೈಂಗಿಕ ಅಲ್ಪಸಂಖ್ಯಾತರು, ಅಂಚಿನ ಸಮುದಾಯಗಳು ಅಡಿಟಿಪ್ಪಣಿಯಾಗಿ ಮಾತ್ರ ಇದ್ದರು. ಅವರ ಸಣ್ಣ ಕಥನಗಳು ಅವರದೇ ದನಿಯಲ್ಲಿ ಕೇಳುವಂತಾದದ್ದು ದೊಡ್ಡ ಲಾಭ. ಆದರೆ ಅದೇ ಬಾಗಿಲಿನಿಂದ ಬೇರೆಯದೂ ಒಳಗೆ ಬಂದಿದೆ. ಒಬ್ಬೊಬ್ಬರ ಫೋನಿನ ಫೀಡ್ ಒಂದೊಂದು ಬಗೆಯಾಗಿ, ಅಕ್ಕಪಕ್ಕ ಕುಳಿತವರು ಒಂದೇ ದಿನದ ಬೇರೆಬೇರೆ ಜಗತ್ತುಗಳನ್ನು ನೋಡುತ್ತಿದ್ದಾರೆ.

ಆ ಫೀಡ್ ತಾನಾಗಿ ಬಿಡಿಬಿಡಿಯಾಗಲಿಲ್ಲ. ಯಾವುದನ್ನು ಮುಂದೆ ತೋರಿಸಬೇಕೆಂದು ತೀರ್ಮಾನಿಸುವ ಅಲ್ಗಾರಿದಂ ನಾವು ಎಷ್ಟು ಹೊತ್ತು ನಿಂತು ನೋಡುತ್ತೇವೆಂಬುದನ್ನು ಅಳೆಯುತ್ತದೆ, ಏಕೆಂದರೆ ಆ ಹೊತ್ತೇ ಜಾಹೀರಾತುದಾರರಿಗೆ ಮಾರಾಟವಾಗುವ ಸರಕು. ಲ್ಯೋತಾರ್ ಅವರ ಎರಡನೆಯ ಮಾತು ಇಲ್ಲಿ ಕಣ್ಣೆದುರು ನಿಲ್ಲುತ್ತದೆ. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಹಣದ ಪ್ರಶ್ನೆಗೆ ಜಾಗವಿರಲಿ: ವಾಹಿನಿಯ ಒಡೆತನ ಯಾರದು, ಕಾರ್ಯಕ್ರಮದ ಪ್ರಾಯೋಜಕರು ಯಾರು, ಸ್ಥಳಕ್ಕೆ ವರದಿಗಾರರನ್ನು ಕಳಿಸುವುದಕ್ಕಿಂತ ಆರು ಜನರನ್ನು ಚೌಕಗಳಲ್ಲಿ ಕೂರಿಸುವುದು ಎಷ್ಟು ಅಗ್ಗ. ಕೊಳ್ಳುಬಾಕ ಸಂಸ್ಕೃತಿಯನ್ನು ಹೊರಗಿಟ್ಟು ಬರೆದ ಆಧುನಿಕೋತ್ತರ ವಿಶ್ಲೇಷಣೆ ಅರೆಬೆಂದ ಕೆಲಸ.

ಎರಡು ಪ್ರಶ್ನೆಗಳನ್ನು ಬೆರೆಸಬೇಡಿ

ಇದು ಹೇಗೆ ಕಟ್ಟಿದ್ದು ಎಂಬುದು ಒಂದು ಪ್ರಶ್ನೆ, ಇದು ನಡೆಯಿತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಮಾತ್ರಕ್ಕೆ ಎರಡನೆಯದು ಅಳಿಸಿಹೋಗುವುದಿಲ್ಲ. ಎಲ್ಲ ವರದಿಗಳಿಗೂ ಒಂದು ನೆಲೆಯಿದೆ ಎಂಬುದು ನಿಜ. ಆದ್ದರಿಂದ ಎಲ್ಲ ವರದಿಗಳೂ ಸಮಾನವೆಂಬುದು ಸುಳ್ಳು. ಈ ಜಾರುವಿಕೆಯಿಂದ ಆದ ಹಾನಿ ಸಣ್ಣದಲ್ಲ. 1996ರಲ್ಲಿ ಭೌತವಿಜ್ಞಾನಿ ಅಲನ್ ಸೋಕಲ್ ಬೇಕೆಂದೇ ಅಸಂಬದ್ಧವಾಗಿ ಬರೆದ ಲೇಖನವೊಂದನ್ನು ಸೋಷಿಯಲ್ ಟೆಕ್ಸ್ಟ್ ಎಂಬ ವಿದ್ವತ್ ಪತ್ರಿಕೆ ಪ್ರಕಟಿಸಿದ್ದು, ಪಾಂಡಿತ್ಯದ ಪದಗಳು ಎಷ್ಟು ಸುಲಭವಾಗಿ ಕಣ್ಕಟ್ಟು ಮಾಡಬಲ್ಲವೆಂಬುದನ್ನು ತೋರಿಸಿತು. 2004ರಲ್ಲಿ ಫ್ರೆಂಚ್ ಚಿಂತಕ ಬ್ರೂನೋ ಲಾತೂರ್, ವಿಜ್ಞಾನವನ್ನು ಪ್ರಶ್ನಿಸಲು ತಾವೂ ತಮ್ಮಂಥವರೂ ರೂಪಿಸಿದ ಸಾಧನಗಳನ್ನೇ ಹವಾಮಾನ ಬದಲಾವಣೆಯನ್ನು ಅಲ್ಲಗಳೆಯುವವರು ಎತ್ತಿಕೊಂಡಿರುವುದನ್ನು ಕಂಡು ಕಳವಳದಿಂದ ಬರೆದರು. ತಾವೇ ಕಟ್ಟಿದ ವಿಚಾರವನ್ನು ಹೀಗೆ ಬಹಿರಂಗವಾಗಿ ಮರುಪರಿಶೀಲಿಸಿದ ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವವಿದೆ. 2016ರಲ್ಲಿ ಆಕ್ಸ್‌ಫರ್ಡ್ ನಿಘಂಟು ‘ಪೋಸ್ಟ್ ಟ್ರುತ್’ (ಸತ್ಯಾಂಶಕ್ಕಿಂತ ಭಾವನೆ, ನಂಬಿಕೆಗಳೇ ಜನಾಭಿಪ್ರಾಯವನ್ನು ರೂಪಿಸುವ ಸ್ಥಿತಿ) ಎಂಬುದನ್ನು ವರ್ಷದ ಪದವಾಗಿ ಆರಿಸಿತು. ಇದಕ್ಕೆಲ್ಲ ಸಿದ್ಧಾಂತಕಾರರೇ ಹೊಣೆಯೆನ್ನುವುದು ಅತಿಯಾಯಿತು, ಏಕೆಂದರೆ ಸುಳ್ಳು ಹರಡಿದವರು ಬಹುಪಾಲು ಲ್ಯೋತಾರ್ ಅವರನ್ನು ಓದಿದವರಲ್ಲ.

ಹಾಗಾಗಿ ವಿಶ್ಲೇಷಣೆಯ ಜೊತೆಜೊತೆಗೆ ಪರಿಶೀಲನೆಯೂ ನಡೆಯಲಿ. ಹನ್ನೆರಡು ಸೆಕೆಂಡಿನ ಆ ದೃಶ್ಯದ ಒಂದು ಚೌಕಟ್ಟನ್ನು ಹಿಡಿದು ಅಂತರ್ಜಾಲದಲ್ಲಿ ಚಿತ್ರದ ಮೂಲಕವೇ ಹುಡುಕಿ, ಅದು ಮೊದಲು ಎಂದು ಎಲ್ಲಿ ಕಾಣಿಸಿಕೊಂಡಿತೆಂದು ನೋಡಿ. ಅಂಗಡಿಯ ಫಲಕ, ವಾಹನದ ನೋಂದಣಿ ಸಂಖ್ಯೆ, ನೆರಳಿನ ದಿಕ್ಕು, ಹವಾಮಾನ ಇವು ಹೇಳಿಕೆಗೆ ಹೊಂದುತ್ತವೆಯೇ ಎಂದು ಪರೀಕ್ಷಿಸಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲಗಳು ಒಂದೇ ವಿವರವನ್ನು ಹೇಳುತ್ತವೆಯೇ ಎಂದು ಹುಡುಕಿ; ಒಂದೇ ಸುದ್ದಿಸಂಸ್ಥೆಯ ಪ್ರತಿಯನ್ನು ಹತ್ತು ತಾಣಗಳು ಹಾಕಿದ್ದರೆ ಅದು ಒಂದೇ ಮೂಲ.

ಬರೆಯುವಾಗ

ಬರಹವನ್ನು ನಿಮ್ಮ ವರ್ಣನೆಯಿಂದ ಆರಂಭಿಸಿ, ಚಿಂತಕರ ಹೆಸರಿನಿಂದಲ್ಲ. ಹೈಪರ್‌ರಿಯಾಲಿಟಿ, ಪ್ಯಾಸ್ಟಿಶ್, ಮಹಾಕಥನದಂಥ ಪದವೊಂದನ್ನು ಬರೆದಾಗ, ಅದನ್ನು ತೆಗೆದು ಸಾಮಾನ್ಯ ಮಾತಿನಲ್ಲಿ ಹೇಳಿದರೆ ಅರ್ಥ ಕಡಿಮೆಯಾಗುತ್ತದೆಯೇ ಎಂದು ನೋಡಿ. ಆಗದಿದ್ದರೆ ಸಾಮಾನ್ಯ ಮಾತನ್ನೇ ಉಳಿಸಿಕೊಳ್ಳಿ. ವಿರೋಧದ ದನಿಗಳಿಗೂ ಒಂದು ಕಂಡಿಕೆ ಮೀಸಲಿಡಿ: ಜರ್ಮನ್ ತತ್ವಜ್ಞಾನಿ ಯೂರ್ಗನ್ ಹಾಬರ್ಮಾಸ್ 1980ರಲ್ಲಿ ಆಧುನಿಕತೆ ಸೋತ ಯೋಜನೆಯಲ್ಲ, ಇನ್ನೂ ಮುಗಿಯದ ಯೋಜನೆ ಎಂದರು; ಸಮಾಜಶಾಸ್ತ್ರಜ್ಞ ಆಂಥನಿ ಗಿಡ್ಡೆನ್ಸ್ ನಾವಿರುವುದು ಆಧುನಿಕತೆಯ ಮುಂದುವರಿದ ಘಟ್ಟದಲ್ಲಿ ಎಂದರು; ಇನ್ನೊಬ್ಬ ಸಮಾಜಶಾಸ್ತ್ರಜ್ಞ ಜಿಗ್ಮಂಟ್ ಬೌಮನ್ 2000ದ ಹೊತ್ತಿಗೆ ಆಧುನಿಕೋತ್ತರ ಎಂಬ ಹೆಸರನ್ನು ಬಿಟ್ಟು, ಯಾವುದೂ ಗಟ್ಟಿಯಾಗಿ ನೆಲೆನಿಲ್ಲದ ದ್ರವರೂಪಿ ಆಧುನಿಕತೆಯ ಮಾತಾಡಿದರು. ನೀವು ಹಿಡಿದ ತುಣುಕನ್ನು ಇವರ ವಿವರಣೆಯೇ ಚೆನ್ನಾಗಿ ಬೆಳಗಿಸಿದರೆ ಹಾಗೆಂದೇ ಬರೆಯಿರಿ. ಮುಗಿಸುವ ಮೊದಲು ಒಂದೊಂದು ಹೇಳಿಕೆಯ ಪಕ್ಕದಲ್ಲೂ ಅದು ಪರದೆಯಲ್ಲಿ ಕಂಡದ್ದೇ, ವೀಕ್ಷಕರಿಂದ ಕೇಳಿದ್ದೇ, ಹೊರಗಿನ ದಾಖಲೆಯಿಂದ ತಿಳಿದದ್ದೇ ಅಥವಾ ನಿಮ್ಮ ಊಹೆಯೇ ಎಂದು ಗುರುತು ಹಾಕಿ. ಊಹೆ ಎಂದು ಗುರುತಾದ ವಾಕ್ಯಗಳನ್ನು ಓದುಗರಿಗೆ ಊಹೆಯೆಂದೇ ತಿಳಿಯುವಂತೆ ತಿದ್ದಿ ಬರೆಯಿರಿ, ಮತ್ತು ತುಣುಕಿನ ದಿನಾಂಕ, ಸಮಯ, ನೀವು ನೋಡಿದ ಆವೃತ್ತಿ ಇವುಗಳನ್ನು ಬರಹದ ಆರಂಭದಲ್ಲಿಯೇ ನಮೂದಿಸಿ.